ಬಾನೆಟ್ಟಿನ ಮೇಲಿನ ಮರಿ

ತಮ್ಮ ಪರಶುವಿನ ಫೋನು ಬಂದಾಗ ಅನ್ನಪೂರ್ಣಾ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದಳು. ಬನದ ಹುಣ್ಣಿಮೆಯ ಜಾತ್ರೆಯ ವಾರ. ಬೈಲಹೊಂಗಲದಿಂದ ಮುನವಳ್ಳಿ ಮೇಲೆ ಸವದತ್ತಿಗೆ ದಿನಕ್ಕೆ ಎರಡು ಸಲ ಹೋಗಿ ಬರುವ ಬಸ್ಸಿಗೆ ಅವಳು ಕಂಡಕ್ಟರು. ಎಲ್ಲಮ್ಮನ ಗುಡ್ಡಕ್ಕೆ ಹೊರಟ ಜನ ಬಾಗಿಲಿಗೆ ಜೋತುಬೀಳುವ ಆ ದಿನಗಳಲ್ಲಿ ಕೂರುವುದಿರಲಿ, ಎರಡೂ ಪಾದ ಒಟ್ಟಿಗೆ ಊರಿ ನಿಲ್ಲುವುದಕ್ಕೂ ಜಾಗ ಸಿಗುತ್ತಿರಲಿಲ್ಲ.

"ಅಕ್ಕಾ, ಸಪ್ನಾನ ಪಿತ್ತದ ಚೀಲದಾಗ ಹರಳ ಆಗ್ಯಾವಂತ. ಬರೂ ಸೋಮವಾರ ಆಪರೇಶನ್. ಹದಿನೈದು ದಿನ ರಜಾ ಹಾಕಿ ಬಂದ್ಬಿಡು. ನಿನಗರ ಎಲ್ಲಾ ರೂಢಿ ಐತಿ," ಎಂದ ಪರಶು. ಅವನು ರಾಮದುರ್ಗದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಸಪ್ನಾ ಅವನ ಹೆಂಡತಿ. ಮಾತಿನ ಹಿಂದೆ ಗಿರಣಿಯ ಸದ್ದು ಕೇಳುತ್ತಿತ್ತು.

ಅನ್ನಪೂರ್ಣಾ ನೀರಿನೊಳಗಿನ ತನ್ನ ಊದಿದ ಕಾಲುಗಳನ್ನು ನೋಡಿದಳು. "ನನಗ ಆಗೂದಿಲ್ಲ," ಎಂದಳು.

"ರಜಾ ಸಿಗೂದಿಲ್ಲೇನು?"

"ರಜಾ ಸಿಗತಾವು. ನನಗ ಆಗೂದಿಲ್ಲ."

"ಆತು ಬಿಡು," ಎಂದು ಪರಶು ಫೋನಿಟ್ಟ. ತಮ್ಮನಿಗೆ ಅವಳು ಇಲ್ಲ ಎಂದದ್ದು ಅದೇ ಮೊದಲು. ಅವಳಿಗೆ ನಲವತ್ತೊಂದು ವರ್ಷ.

ಅವರ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡು ಹದಿನಾಲ್ಕು ತಿಂಗಳು ಇದೇ ಬಾಡಿಗೆ ಕೋಣೆಯಲ್ಲಿ ಮಲಗಿದ್ದಳು. ಅನ್ನಪೂರ್ಣಾ ಗಂಡನ ಮನೆ ಬಿಟ್ಟು ಬಂದು ನೌಕರಿ ಹಿಡಿದಾಗಿನಿಂದಲೂ ಅವ್ವ ಅವಳ ಜೊತೆಯಲ್ಲೇ ಇದ್ದುದರಿಂದ, ಯಾರು ನೋಡಿಕೊಳ್ಳಬೇಕು ಎಂಬ ಮಾತೇ ಏಳಲಿಲ್ಲ. ಡ್ಯೂಟಿಗೆ ಹೋಗುವ ಮುಂಚೆ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಬೇಕು. ಬಂದ ಮೇಲೆ ಮತ್ತೆ ಅದೇ. ನಡುವಿನ ಹೊತ್ತಿನಲ್ಲಿ ಪಕ್ಕದ ಮನೆಯವರು ಬಂದು ಇಣುಕಿ ಹೋಗುತ್ತಿದ್ದರು. ಶ್ರಾವಣದಲ್ಲಿ ಅವ್ವ ಹೋದಳು. ದಿನಕರ್ಮ ಮುಗಿದ ಮರುದಿನ ಅನ್ನಪೂರ್ಣಾ ಬಿಸಿನೀರಿನ ರಬ್ಬರ್ ಚೀಲ, ಹತ್ತಿ, ಗಂಜಿ ಕುಡಿಸುತ್ತಿದ್ದ ಸೂಜಿಯಿಲ್ಲದ ಸಿರಿಂಜು ಎಲ್ಲವನ್ನೂ ಒಂದು ಕೈಚೀಲಕ್ಕೆ ತುಂಬಿ ಕಪಾಟಿನ ಮೇಲೆ ಎಸೆದಿದ್ದಳು. ಇನ್ನು ಯಾರ ಸೇವೆಯನ್ನೂ ಮಾಡುವುದಿಲ್ಲ ಎಂದು ಆಣೆಯನ್ನೇನೂ ಇಟ್ಟಿರಲಿಲ್ಲ. ಆಗುವುದಿಲ್ಲ ಎಂಬುದು ಮೈಗೆ ಗೊತ್ತಿತ್ತು, ಅಷ್ಟೆ.

ಮರುದಿನ ಬೆಳಿಗ್ಗೆ ಡಿಪೋಕ್ಕೆ ಹೋದಾಗ ಡ್ರೈವರ್ ಲಗಮಪ್ಪ ಹಿಂದಿನ ಗೋಡೆಯ ಹತ್ತಿರ ನಿಂತು ಕೈಬೀಸಿ ಕರೆದ. ರಿಟೈರಾಗಲು ಎರಡು ವರ್ಷ ಉಳಿದಿದ್ದ ಮನುಷ್ಯ. ನಾಲ್ಕು ವರ್ಷದಿಂದ ಇಬ್ಬರದೂ ಒಂದೇ ಗಾಡಿ, ಒಂದೇ ರೂಟು.

"ಕೆಂಪಿ ಮರಿ ಹಾಕ್ಯಾಳ, ನೋಡು ಬಾ."

ಗುಜರಿಗೆಂದು ನಿಲ್ಲಿಸಿದ್ದ ಹಳೆಯ ಬಸ್ಸಿನ ಕೆಳಗೆ, ಹರಿದ ಸೀಟಿನ ಸ್ಪಂಜಿನ ಮೇಲೆ ಡಿಪೋದ ಕೆಂಪು ನಾಯಿ ಮಲಗಿತ್ತು. ಐದು ಮರಿ. ನಾಲ್ಕು ತಾಯಿಯ ಹೊಟ್ಟೆಗೆ ಕಚ್ಚಿಕೊಂಡು ಚಪ್ಪರಿಸುತ್ತಿದ್ದವು. ಐದನೆಯದು ಒಂದು ಮೊಳ ಆಚೆ, ಆಯಿಲ್ ಸುರಿದು ಕಪ್ಪಾದ ಮಣ್ಣಿನಲ್ಲಿ ಬಿದ್ದಿತ್ತು. ಇಲಿಗಿಂತ ಒಂದಿಷ್ಟು ದೊಡ್ಡದಿರಬಹುದು. ತಲೆ ಎತ್ತಲು ನೋಡುತ್ತಿತ್ತು, ತಲೆ ಒಂದು ಕಡೆ ವಾಲುತ್ತಿತ್ತು.

ಅನ್ನಪೂರ್ಣಾ ಬಗ್ಗಿ ಅದನ್ನೆತ್ತಿ ತಾಯಿಯ ಮೊಲೆಯ ಹತ್ತಿರ ಇಟ್ಟಳು. ಪಕ್ಕದ ದಪ್ಪ ಮರಿ ಒಂದೇ ನೂಕಿಗೆ ಅದನ್ನು ಹೊರಗೆ ಹಾಕಿತು. ಮತ್ತೆ ಇಟ್ಟಳು. ಈ ಸಲ ಕೆಂಪಿಯೇ ಮೂತಿಯಿಂದ ಆಚೆ ದೂಡಿತು.

"ಬಿಡು ಅದನ್ನ," ಎಂದ ಲಗಮಪ್ಪ. "ತಾಯೀನ ಬ್ಯಾಡ ಅಂತೈತಿ. ಅದಕ್ಕ ಗೊತ್ತಿರತೈತಿ, ಯಾವುದು ಉಳೀತೈತಿ, ಯಾವುದು ಇಲ್ಲಂತ. ನಡಿ, ಹೊತ್ತಾತು."

ಅವನು ಹೋಗಿ ಗಾಡಿ ಚಾಲೂ ಮಾಡಿದ. ಅನ್ನಪೂರ್ಣಾ ಮೂರನೆಯ ಸಲ ಇಟ್ಟು ನೋಡಿದಳು. ಹಾರ್ನ್ ಕೇಳಿಸಿ ಎದ್ದು ನಾಲ್ಕು ಹೆಜ್ಜೆ ಹೋಗಿ, ಹಿಂತಿರುಗಿ ನೋಡಿದರೆ ಮರಿ ಮತ್ತೆ ಮಣ್ಣಿನಲ್ಲಿತ್ತು. ಆಗ ಅವಳಿಗೆ ಬಂದದ್ದು ಕನಿಕರಕ್ಕಿಂತ ಹೆಚ್ಚಾಗಿ ಸಿಟ್ಟು. ಕೆಂಪಿಯ ಮೇಲೋ, ಲಗಮಪ್ಪನ ಮೇಲೋ, ಬೆಳಿಗ್ಗೆ ಬೆಳಿಗ್ಗೆ ತನ್ನ ಕಣ್ಣಿಗೇ ಬೀಳಬೇಕಾಗಿದ್ದ ಆ ಮರಿಯ ಮೇಲೋ ತಿಳಿಯದು. ಕರ್ಚೀಫಿನಲ್ಲಿ ಸುತ್ತಿ ಸ್ವೆಟರಿನೊಳಗೆ ಇಟ್ಟುಕೊಂಡು ಬಸ್ಸು ಹತ್ತಿದಳು.

ಸವದತ್ತಿಯಲ್ಲಿ ಅವರಿಗೆ ಚಹಾಕ್ಕೆಂದು ಅರ್ಧ ತಾಸು ಬಿಡುವು. ಅನ್ನಪೂರ್ಣಾ ಚಹಾ ಬಿಟ್ಟು ದನದ ದವಾಖಾನೆಗೆ ನಡೆದಳು. ಅಲ್ಲಿದ್ದ ಡಾಕ್ಟರು ಮಾಲಾ ಎನ್ನುವ ಚಿಕ್ಕ ವಯಸ್ಸಿನ ಹುಡುಗಿ. ಮರಿಯನ್ನು ತಕ್ಕಡಿಯ ಮೇಲಿಟ್ಟು ನೋಡಿದಳು.

"ನೂರಾ ಮೂವತ್ತೈದು ಗ್ರಾಂ. ಇದರ ಒಡಹುಟ್ಟಿದವು ಮುನ್ನೂರರ ಹತ್ರ ಇರತಾವ ನೋಡ್ರಿ. ಮೈಯೆಲ್ಲಾ ತಣ್ಣಗಾಗೇತಿ. ತಣ್ಣಗಿದ್ದಾಗ ಹಾಲು ಹಾಕಬ್ಯಾಡ್ರಿ, ಪಚನ ಆಗೂದಿಲ್ಲ. ಮೊದಲ ಬೆಚ್ಚಗ ಮಾಡ್ರಿ, ನಿಧಾನಕ. ಆಮ್ಯಾಲ ಎರಡು ತಾಸಿಗೊಮ್ಮೆ ಹನಿ ಹನಿ ಕುಡಸ್ರಿ. ಮನಶ್ಯಾರ ಕೂಸಿನಂಗ ಅಂಗಾತ ಮಲಗಿಸಬ್ಯಾಡ್ರಿ, ಹೊಟ್ಟಿ ಕೆಳಗಿರಲಿ. ಇಲ್ಲಂದ್ರ ಹಾಲು ಉಸಿರಿನ ನಳಿಗಿ ಹೋಗತೈತಿ."

"ಎರಡು ತಾಸಿಗೊಮ್ಮೆ ಅಂದ್ರ, ರಾತ್ರಿನೂ ಏನ್ರಿ?"

"ರಾತ್ರಿನೂ ರೀ. ಎರಡು ವಾರ. ಕುಡಿಸಿದ ಮ್ಯಾಲೆ ಒದ್ದಿ ಹತ್ತಿ ತಗೊಂಡು ಕೆಳಗ ಮೆತ್ತಗ ತಿಕ್ಕಬೇಕು, ತಾಯಿ ನೆಕ್ಕಿದಂಗ. ಅಂದ್ರನ ಉಚ್ಚಿ ಮಾಡತೈತಿ, ತಾನಾಗೇ ಮಾಡೂದಿಲ್ಲ. ತಾಯಿ ಹತ್ರ ಇದ್ದಾಗ ದೊಡ್ಡ ಮರಿ ಸರಿಸಿ ಹಿಂದಿನ ಮೊಲಿಗೆ ಇದನ್ನ ಹಚ್ರಿ. ಅಲ್ಲೆ ಹಾಲು ಜಾಸ್ತಿ ಇರತೈತಿ. ನೀವು ಹಿಡಕೊಂಡ ಕುಂತ್ರ ಅದು ದೂಡೂದಿಲ್ಲ."

"ಬದುಕತೈತೇನ್ರಿ?"

"ಸುಳ್ಳ ಹೇಳೂದಿಲ್ರಿ ಅಕ್ಕಾರ. ಇಷ್ಟ ಸಣ್ಣವು ಉಳಿಯೂದು ಭಾಳ ಕಡಿಮಿ."

"ಹಂಗಾರ ಇಷ್ಟೆಲ್ಲಾ ಯಾಕ್ರಿ ಮಾಡೂದು?"

ಮಾಲಾ ಅವಳ ಮುಖ ನೋಡಿದಳು. "ನೀವ ತಂದೀರಲ್ರಿ," ಎಂದಳು.

ಬಸ್ಸಿಗೆ ವಾಪಸು ಬಂದಾಗ ಲಗಮಪ್ಪ ಎಲೆಯಡಿಕೆ ಹಾಕಿಕೊಂಡು ಸ್ಟೇರಿಂಗಿನ ಮುಂದೆ ಕೂತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿ, "ಹುಚ್ಚ ಹಿಡದೈತಿ ನಿನಗ," ಎಂದ. ಆಮೇಲೆ ತನ್ನ ಮಗ್ಗುಲಲ್ಲಿದ್ದ ಇಂಜಿನ್ನಿನ ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡಿದ. ಬೆಚ್ಚಗಿತ್ತು. ಚಳಿಯ ಬೆಳಗಿನಲ್ಲಿ ಮುಂದಿನ ಸೀಟಿನವರು ಕಾಲಿಡಲು ಜಗಳಾಡುವ ಜಾಗ ಅದು. ಲಗಮಪ್ಪ ಒಂದು ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಹಾಸಿದ. "ನೇರಕ್ಕ ಇಟ್ರ ಸುಡತೈತಿ. ತಾ ಇಲ್ಲೆ," ಎಂದು, ತನ್ನ ಬುತ್ತಿಯ ದೊಡ್ಡ ಡಬ್ಬಿಯಿಂದ ರೊಟ್ಟಿ ತೆಗೆದು ಕಾಗದದಲ್ಲಿ ಸುತ್ತಿಟ್ಟು, ಖಾಲಿ ಡಬ್ಬಿಯೊಳಗೆ ತನ್ನ ಮಫ್ಲರ್ ಹಾಕಿ ಮರಿಯನ್ನು ಮಲಗಿಸಿದ. ಮುಚ್ಚಳ ಹಾಕಲಿಲ್ಲ. "ಒಂದ ದಿನ ಅಷ್ಟ," ಎಂದ.

ಆ ಟ್ರಿಪ್ಪಿಗೆ ಸವದತ್ತಿಯಲ್ಲಿ ಕೃಷ್ಣವ್ವ ಹತ್ತಿದಳು. ಮುನವಳ್ಳಿಯ ಮುದುಕಿ. ಬೆಳಿಗ್ಗೆ ಒಂದು ಬುಟ್ಟಿ ಮೆಂತ್ಯ, ಹಕ್ಕರಕಿ ಸೊಪ್ಪು ಹೊತ್ತು ತಂದು ಮಾರಿ, ಹನ್ನೊಂದರೊಳಗೆ ಖಾಲಿ ಬುಟ್ಟಿ ತೆಗೆದುಕೊಂಡು ಮರಳುವವಳು. ದಿನಾ ಡ್ರೈವರನ ಹಿಂದಿನ ಸೀಟೇ ಅವಳಿಗೆ ಬೇಕು. ಕೂತವಳು ಡಬ್ಬಿಯೊಳಗೆ ಇಣುಕಿದಳು.

"ಇದೇನ ಕಂಡಕ್ಟರವ್ವಾ, ಇಲಿಮರಿ ಸಾಕಾಕ ಹತ್ತೀಯಾ?"

"ನಾಯಿಮರಿ, ಆಯಿ. ತಾಯಿ ದೂಡೇತಿ."

ಕೃಷ್ಣವ್ವ ಬೆರಳ ತುದಿಯಿಂದ ಅದರ ಬೆನ್ನು ಮುಟ್ಟಿದಳು. ಎಷ್ಟೋ ಹೊತ್ತು ಬೆರಳು ಅಲ್ಲೇ ಇತ್ತು. ನವಿಲುತೀರ್ಥದ ತಿರುವು ದಾಟುವಾಗ, "ಬೆಚ್ಚಗಾತು," ಎಂದಳು. ಮುನವಳ್ಳಿ ಬರುತ್ತಲೇ ಎದ್ದು, "ಐದ ಮಿನಿಟ ನಿಂದ್ರಸ್ರಿ ಗಾಡಿ," ಎಂದು ಡ್ರೈವರನಿಗೆ ಹೇಳಿ, ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿದ್ದ ತನ್ನ ಮನೆಗೆ ಸರಸರ ಹೋದಳು. ಬಂದಾಗ ಅವಳ ಕೈಯಲ್ಲಿ ಹಳೆಯ ಔಷಧದ ಶೀಶೆ. "ನನ್ನ ಆಡು ಈದು ಎಂಟ ದಿನ ಆತು. ತಾಜಾ ಹಾಲು. ಆಕಳ ಹಾಲು ಹಾಕಬ್ಯಾಡ, ಹೊಟ್ಟಿ ಕೆಡತೈತಿ."

ಸಿರಿಂಜು ಇರಲಿಲ್ಲ. ಆ ಹೊತ್ತಿಗೆ ಅನ್ನಪೂರ್ಣಾ ಬಸ್ಸಿನ ಫಸ್ಟ್ ಏಡ್ ಪೆಟ್ಟಿಗೆಯ ಹತ್ತಿಯ ತುಂಡನ್ನು ಹಾಲಿನಲ್ಲಿ ಅದ್ದಿ ಮರಿಯ ಬಾಯಿಗಿಟ್ಟಳು. ಮೊದಲ ಹನಿ ಹೊರಗೆ ಸುರಿಯಿತು. ಎರಡನೆಯದೂ ಸುರಿಯಿತು. ಮೂರನೆಯದಕ್ಕೆ ಮರಿ ತುಟಿ ಬಿಗಿಹಿಡಿದು ಒಮ್ಮೆ ಎಳೆಯಿತು. ಹಿಂದಿನಿಂದ ಯಾರೋ, "ಗಾಡಿ ಬಿಡತೀರೋ ಇಲ್ರೋ?" ಎಂದು ಕೂಗಿದರು.

ಆ ಸಂಜೆ ಅವಳು ಸ್ಟೂಲಿನ ಮೇಲೆ ಹತ್ತಿ ಕಪಾಟಿನ ಮೇಲಿನ ಕೈಚೀಲವನ್ನು ಕೆಳಗಿಳಿಸಿದಳು. ಚೀಲ ಬಿಚ್ಚಿದಾಗ ಮುಲಾಮಿನ ವಾಸನೆ ಬಂತು. ಅವಳು ಉಸಿರು ಹಿಡಿದು ಬೇಕಾದಷ್ಟನ್ನು ಮಾತ್ರ ತೆಗೆದುಕೊಂಡಳು.

ಅಲ್ಲಿಂದ ಮುಂದಿನ ದಿನಗಳು ಒಂದಕ್ಕೊಂದು ಅಂಟಿಕೊಂಡಂತೆ ಹೋದವು. ಬೆಳಿಗ್ಗೆ ಡಿಪೋದಲ್ಲಿ ಹಳೆಯ ಬಸ್ಸಿನ ಕೆಳಗೆ ಅರ್ಧ ಮೈ ತೂರಿಸಿ, ನಾಲ್ಕು ದಪ್ಪ ಮರಿಗಳನ್ನು ಪಕ್ಕಕ್ಕೆ ಸರಿಸಿ, ಸಣ್ಣದನ್ನು ಕೆಂಪಿಯ ಹಿಂದಿನ ಮೊಲೆಗೆ ಹಿಡಿದು ಕೂರಬೇಕು. ಕೆಂಪಿ ಗುರ್ರೆನ್ನದೆ ಸಹಿಸಿಕೊಳ್ಳುತ್ತಿತ್ತು, ಆದರೆ ಮರಿಯನ್ನು ಮೂಸಿಯೂ ನೋಡುತ್ತಿರಲಿಲ್ಲ. ಆಮೇಲೆ ಡಬ್ಬಿ, ಬಾನೆಟ್ಟು. ಮುನವಳ್ಳಿಯಲ್ಲಿ ಒಮ್ಮೆ, ಸವದತ್ತಿಯಲ್ಲಿ ಒಮ್ಮೆ, ಮರಳುವಾಗ ಒಮ್ಮೆ. ಒಂದು ಕೈಯಲ್ಲಿ ಟಿಕೆಟ್ ಮಷೀನು ಹಿಡಿದವಳು ಇನ್ನೊಂದು ಕೈಯಲ್ಲಿ ಸಿರಿಂಜು ಹಿಡಿಯುವಳು. ರಾತ್ರಿ ಫೋನಿನ ಅಲಾರಾಂ. ಎದ್ದು ಹಾಲು ಬೆಚ್ಚಗೆ ಮಾಡಿ, ಕುಡಿಸಿ, ಒರೆಸಿ, ರಬ್ಬರ್ ಚೀಲದ ನೀರು ಬದಲಿಸಿ ಮಲಗುವುದರೊಳಗೆ ಮುಕ್ಕಾಲು ತಾಸು. ಮತ್ತೆ ಕಣ್ಣು ಹತ್ತುವಷ್ಟರಲ್ಲಿ ಅಲಾರಾಂ.

ನಿಂತಲ್ಲೇ ತೂಕಡಿಸುವುದು ಶುರುವಾಯಿತು. ಒಂದು ದಿನ ಹೊಸೂರಿಗೆ ಇಳಿಯಬೇಕಾದವನಿಗೆ ಟಿಕೆಟ್ ಕೊಟ್ಟು, ಎರಡೇ ನಿಮಿಷದಲ್ಲಿ ಅವನ ಮುಂದೆಯೇ ನಿಂತು, "ಎಲ್ಲಿಗ್ರಿ?" ಎಂದು ಕೇಳಿದಳು. ಅವನು ನಕ್ಕ. ಅವಳಿಗೆ ನಗಲೂ ತ್ರಾಣವಿರಲಿಲ್ಲ. ಕಂಬಿಗೆ ತಲೆ ತಾಗಿಸಿ ಒಂದು ನಿಮಿಷ ಕಣ್ಣು ಮುಚ್ಚಿದರೆ ಸಾಕು, ಯಾರೋ ದೂರದಲ್ಲಿ ತನ್ನನ್ನು ಕರೆಯುತ್ತಿದ್ದಾರೆ ಅನ್ನಿಸಿ ಬೆಚ್ಚಿ ಕಣ್ಣು ಬಿಡುವಳು.

ತೂಕ ಮಾತ್ರ ಅಲ್ಲೇ ನಿಂತಿತ್ತು. ಸ್ಟ್ಯಾಂಡಿನ ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ದಿನಾ ಇಟ್ಟು ನೋಡುತ್ತಿದ್ದಳು. ನೂರಾ ಮೂವತ್ತೈದು. ಮರುದಿನ ನೂರಾ ಮೂವತ್ತು. ಮತ್ತೆ ನೂರಾ ಮೂವತ್ತೈದು. ಐದನೆಯ ದಿನಕ್ಕೆ ನೂರಾ ಐವತ್ತಾದಾಗ ಅಂಗಡಿಯವನೇ, "ಏರೇತ್ರಿ!" ಎಂದು ಕೂಗಿ ಹೇಳಿದ.

"ಒಂದ ದಿನ ಅಷ್ಟ" ಎಂದಿದ್ದ ಲಗಮಪ್ಪ ಡಬ್ಬಿಯನ್ನು ವಾಪಸು ಕೇಳಲಿಲ್ಲ. ಮನೆಯಿಂದ ಇನ್ನೊಂದು ಡಬ್ಬಿಯಲ್ಲಿ ಬುತ್ತಿ ತಂದ. ಗಾಡಿ ಹೊಡೆಯುತ್ತಲೇ ಎಡಗೈಯಿಂದ ಗೋಣಿಚೀಲ ಮುಟ್ಟಿ ನೋಡಿ, ಬಿಸಿ ಹೆಚ್ಚಾದರೆ ಇನ್ನೊಂದು ಮಡಿಕೆ ಹಾಕು ಎಂದು ಕನ್ನಡಿಯಲ್ಲೇ ಸನ್ನೆ ಮಾಡುತ್ತಿದ್ದ. ಡಿಪೋದಲ್ಲಿ ಕಂಟ್ರೋಲರು, "ಏನ್ರೀ ಅದು, ಗಾಡ್ಯಾಗ ಪ್ರಾಣಿ?" ಎಂದು ಕೇಳಿದಾಗ, "ನನ್ನ ಬುತ್ತಿ ಡಬ್ಬಿ ರೀ ಸಾಹೇಬ್ರ," ಎಂದುಬಿಟ್ಟ. ಡಬ್ಬಿ ಅದೇ ಹೊತ್ತಿಗೆ ಕುಂಯ್ ಎಂದಿತು. ಕಂಟ್ರೋಲರು ಕೇಳಿಸದವರ ಹಾಗೆ ರಿಜಿಸ್ಟರು ನೋಡಿದರು.

ದಿನದ ಪ್ರಯಾಣಿಕರು ಅದಕ್ಕೆ ಸಣ್ಣಿ ಎಂದು ಹೆಸರಿಟ್ಟರು. ಅನ್ನಪೂರ್ಣಾ ಮಾತ್ರ ಹೆಸರು ಹಿಡಿದು ಕರೆಯಲಿಲ್ಲ. ಇವತ್ತಿದ್ದು ನಾಳೆ ಇರದದ್ದಕ್ಕೆ ಹೆಸರೇಕೆ ಎಂದುಕೊಂಡಳು.

ಏಳನೆಯ ದಿನ ಸವದತ್ತಿ ಸ್ಟ್ಯಾಂಡಿನಲ್ಲಿ ಇದ್ದಾಗ ಪರಶುವಿನ ಫೋನು ಬಂತು.

"ಸಪ್ನಾ ಹ್ಯಾಂಗದಾಳ?" ಎಂದು ಅವಳೇ ಮೊದಲು ಕೇಳಿದಳು.

"ಆಪರೇಶನ್ ಆತು. ಆಕಿ ತಾಯಿ ಬಂದಾಳ." ಪರಶುವಿನ ದನಿ ಗಡುಸಾಗಿತ್ತು. "ನೀ ನಾಯಿಮರಿ ಜ್ವಾಕಿ ಮಾಡಾಕ ಹತ್ತೀಯಂತ? ನಮ್ಮ ಗಿರಣಿಗೆ ಬರೂ ಮಂದಿ ಗುಡ್ಡಕ್ಕ ಹೋಗಿದ್ರು. ನಿನ್ನ ಬಸ್ಸಿನ್ಯಾಗ ನೋಡಿದ್ರಂತ. ಬಾಟಲಿ ಹಿಡದು ಹಾಲು ಕುಡಸಾಕ ಹತ್ತಿದ್ಯಂತ."

ಅನ್ನಪೂರ್ಣಾ ಜನರಿಂದ ಆಚೆ ಸರಿದು ನಿಂತಳು.

"ಸಪ್ನಾಗ ನಾ ಏನಂತ ಹೇಳ್ಲಿ? ನಮ್ಮಕ್ಕಗ ನಾಯಿಗೆ ಪುರಸೊತ್ತ ಐತಿ, ನಿನಗಿಲ್ಲ ಅಂತ ಹೇಳ್ಲೇನು?"

ಅವನು ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ ಎಂದು ಹುಡುಕಿದರೆ ಸಿಗಲಿಲ್ಲ. ಅಷ್ಟರಲ್ಲಿ ಅವನೇ ಫೋನಿಟ್ಟ. ಅವಳು ಬಸ್ಸು ಹತ್ತಿ ಸೀಟಿ ಊದಿದಳು. ಅವತ್ತು ಕೃಷ್ಣವ್ವ ಕೊಟ್ಟ ಹಾಲನ್ನು ಮಾತಿಲ್ಲದೆ ತೆಗೆದುಕೊಂಡಳು. "ಮಾರಿ ಯಾಕ ಸಪ್ಪಗ ಐತಿ?" ಎಂದು ಮುದುಕಿ ಕೇಳಿದ್ದಕ್ಕೆ, "ನಿದ್ದಿ ಇಲ್ಲ ಆಯಿ," ಎಂದಳು.

ಒಂಬತ್ತನೆಯ ದಿನ ಅವಳ ವಾರದ ರಜೆ. ಬಟ್ಟೆ ಒಗೆದು, ಹಿಂದಿನ ಓಣಿಯಿಂದ ಡಿಪೋಕ್ಕೆ ಎರಡು ಸಲ ಹೋಗಿ ಮರಿಗೆ ತಾಯಿಯ ಹಾಲು ಕುಡಿಸಿಕೊಂಡು ಬಂದಳು. ಮಧ್ಯಾಹ್ನ ಹನ್ನೆರಡಕ್ಕೆ ಸಿರಿಂಜಿನಲ್ಲಿ ಆಡಿನ ಹಾಲು ಕೊಟ್ಟಳು. ಡಬ್ಬಿಯನ್ನು ಮಗ್ಗುಲಲ್ಲಿಟ್ಟುಕೊಂಡು ಗೋಡೆಗೆ ಒರಗಿದಳು. ಎರಡು ಗಂಟೆಗೆ ಅಲಾರಾಂ ಇಟ್ಟದ್ದು ನೆನಪಿದೆ.

ಕಣ್ಣು ಬಿಟ್ಟಾಗ ಕಿಟಕಿಯ ಬಿಸಿಲು ಎದುರು ಗೋಡೆಯ ತುದಿಗೆ ಹೋಗಿತ್ತು. ಫೋನು ಹೊಡೆದುಕೊಂಡು ಸುಮ್ಮನಾಗಿತ್ತು. ಐದೂವರೆ. ಡಬ್ಬಿಯೊಳಗೆ ಕೈ ಹಾಕಿದಳು. ರಬ್ಬರ್ ಚೀಲ ತಣ್ಣಗಿತ್ತು. ಮರಿಯೂ ತಣ್ಣಗಿತ್ತು. ಬಾಯಿ ಅರ್ಧ ತೆರೆದು ಕಾಲು ಚಾಚಿ ಬಿದ್ದಿತ್ತು.

ಒಂದು ಗಳಿಗೆ ಆ ಕೋಣೆಯಲ್ಲಿ ಇನ್ನೊಂದು ಮಧ್ಯಾಹ್ನ ಬಂದು ನಿಂತಂತಾಯಿತು. ಶ್ರಾವಣದ ಮೋಡದ ಮಧ್ಯಾಹ್ನ. ಎರಡು ರಾತ್ರಿ ಅವ್ವನ ಕಫ ತೆಗೆಯುತ್ತ ಎದ್ದಿದ್ದವಳು, ಬೆಳಗಿನ ಡ್ಯೂಟಿ ಮುಗಿಸಿ ಬಂದಿದ್ದಳು. ಅವ್ವ ನೀರು ಕೇಳಿದಳು, ಕೊಟ್ಟಳು. ಹೊದಿಕೆ ಸರಿಮಾಡು ಎಂದಳು, ಮಾಡಿದಳು. ಮತ್ತೆ ಕರೆದಾಗ, "ಒಂದ ತಾಸು ಮಲಗಾಕ ಬಿಡ ಯವ್ವಾ. ಕರೀಬ್ಯಾಡ," ಎಂದು ಹೇಳಿ ಮಂಚದ ಕೆಳಗೆ ನೆಲದ ಮೇಲೆ ಮಲಗಿದಳು. ಅವ್ವ ಕರೆಯಲಿಲ್ಲ. ಸಂಜೆ ಎದ್ದು ನೋಡಿದರೆ ಅವ್ವ ಇರಲಿಲ್ಲ. ಬಂದವರೆಲ್ಲರಿಗೂ, ಮಗ್ಗುಲಲ್ಲೇ ಇದ್ದೆ, ಸುಖವಾಗಿ ಹೋದಳು ಎಂದು ಹೇಳಿದ್ದಳು. ಮಗ್ಗುಲಲ್ಲೇ ಇದ್ದದ್ದು ನಿಜ.

ಅನ್ನಪೂರ್ಣಾ ಮರಿಯನ್ನೆತ್ತಿ ಕುಪ್ಪಸದೊಳಗೆ ಮೈಗೆ ಹತ್ತುವಂತೆ ಇಟ್ಟುಕೊಂಡಳು. ಮೇಲೆ ಸ್ವೆಟರ್, ಅದರ ಮೇಲೆ ಕೌದಿ. ಒಲೆಯ ಮೇಲೆ ನೀರಿಟ್ಟು ರಬ್ಬರ್ ಚೀಲ ತುಂಬಿ ಹೊಟ್ಟೆಗೆ ಒತ್ತಿಕೊಂಡಳು. ಬೆರಳ ತುದಿಗೆ ಬೆಲ್ಲದ ನೀರು ಹಚ್ಚಿ ಅದರ ಒಸಡಿಗೆ ಸವರಿದಳು. ಇನ್ನೊಂದು ಕೈಯಿಂದ ಬೆನ್ನು ತಿಕ್ಕುತ್ತ ಕೂತಳು. ಹೊರಗೆ ಮಕ್ಕಳು ಆಡಿ ಮುಗಿಸಿ ಮನೆಗೆ ಹೋದರು. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಶುರುವಾಯಿತು. ತಿಕ್ಕುವುದನ್ನು ನಿಲ್ಲಿಸಬೇಕು, ಇನ್ನು ಉಪಯೋಗವಿಲ್ಲ ಎಂದು ಎರಡು ಸಲ ಅನ್ನಿಸಿತು. ನಿಲ್ಲಿಸಲು ಬೇರೆ ಮನಸ್ಸು ಮಾಡಬೇಕಾಗಿತ್ತು, ಅದಕ್ಕೂ ತ್ರಾಣವಿರಲಿಲ್ಲ. ಕೈ ತನ್ನಷ್ಟಕ್ಕೆ ಆಡುತ್ತಲೇ ಇತ್ತು.

ಮುಕ್ಕಾಲು ತಾಸಿನ ಮೇಲೆ ಎದೆಗೆ ಏನೋ ಚುಚ್ಚಿದ ಹಾಗಾಯಿತು. ಉಗುರು. ಆಮೇಲೆ ಒದ್ದೆ ಮೂತಿ ಅತ್ತಿತ್ತ ಹುಡುಕಾಡಿತು.

ಹಾಲು ಕುಡಿಸಿ, ಒರೆಸಿ, ಡಬ್ಬಿಯಲ್ಲಿ ಮಲಗಿಸಿದ ಮೇಲೆ ಅವಳು ಫೋನು ಕೈಗೆತ್ತಿಕೊಂಡಳು. ಪರಶುವಿಗೆ ಹಚ್ಚಬೇಕೆಂದು ಮೊದಲೇ ಯೋಚಿಸಿರಲಿಲ್ಲ.

"ಪರಶು, ಅವ್ವ ಹೋದಾಗ ನಾ ಮಲಕೊಂಡಿದ್ನೋ."

"ಏನಂದಿ? ತಡಿ, ಗಿರಣಿ ಸಪ್ಪಳ." ಅವನು ಗಿರಣಿ ಬಂದ್ ಮಾಡಿದ. "ಹಾಂ, ಹೇಳು."

"ಅವ್ವ ಹೋದಾಗ ನಾ ಮಲಕೊಂಡಿದ್ನಿ. ಕರೀಬ್ಯಾಡ ಅಂತ ಆಕಿಗೆ ಹೇಳಿ ಮಲಕೊಂಡಿದ್ನಿ. ಆಕಿ ಕರೀಲಿಲ್ಲ. ಇವತ್ತ ಮತ್ತ ಮಲಕೊಂಡ್ನಿ, ಐದೂವರಿ ತನಕ. ಈ ಮರಿನೂ ಸತ್ತೇತಿ ಅಂತ ತಿಳಕೊಂಡ್ನಿ. ಸತ್ತಿಲ್ಲ." ಅವಳ ದನಿ ಒಡೆಯಲಿಲ್ಲ. ಬಸ್ಸಿನಲ್ಲಿ ಊರಿನ ಹೆಸರು ಕೂಗುವಾಗಿನ ಹಾಗೇ ಸಮನಾಗಿತ್ತು. "ನಾಯಿಗೆ ಪುರಸೊತ್ತ ಐತಿ, ಸಪ್ನಾಗ ಇಲ್ಲ ಅಂತ ಅಲ್ಲೋ. ಮನಶ್ಯಾರನ್ನ ಎತ್ತಿ ಕೂಡ್ರಸೂ ಶಕ್ತಿ ನನ್ನ ಹತ್ರ ಉಳಿದಿಲ್ಲ. ಇದು ಅಂಗೈ ಅಷ್ಟ ಐತಿ. ಈಗ ನನಗ ಇಷ್ಟ ಆಗತೈತಿ."

ಗಿರಣಿಗೆ ಬಂದ ಯಾರಿಗೋ ಆಮೇಲೆ ಬರಲು ಹೇಳಿ, ಪರಶು ಮತ್ತೆ ಫೋನಿಗೆ ಬಂದ.

"ಅವ್ವ ಹದಿನಾಲ್ಕು ತಿಂಗಳ ಮಲಗಿದ್ಲು. ನಾ ಎಷ್ಟ ಸಲ ಬಂದ್ನಿ ಅಕ್ಕಾ?"

ಎಷ್ಟು ಸಲ ಎಂದು ಅವಳಿಗೆ ಗೊತ್ತಿತ್ತು.

"ಬಂದಾಗೊಮ್ಮೆ ಬಾಳಿಹಣ್ಣ ಇಟ್ಟು, ಚಹಾ ಕುಡದು ಹೋಗತಿದ್ನಿ. ನೀ ಚಲೋತಂಗ ನೋಡ್ಕೋತೀದಿ ಅಂತ ಊರಾಗ ಎಲ್ಲಾರಿಗೂ ಹೇಳತಿದ್ನಿ." ಅವನು ಮೂಗೆಳೆದ. "ನಾನರ ಅಲ್ಲಿರಲಿಲ್ಲ. ನೀ ಮಲಕೊಂಡರ ಇದ್ದಿ, ಆಕಿ ಹತ್ರ ಇದ್ದಿ. ಇಷ್ಟ ದಿನ ಇದನ್ನ ಒಬ್ಬಾಕೀನ ಇಟ್ಟಕೊಂಡ ಕುಂತಿದ್ದೇನ?"

ಅನ್ನಪೂರ್ಣಾಳಿಗೆ ಆಗ ಅಳು ಬಂತು. ಹೆಚ್ಚೇನಿಲ್ಲ, ಸೆರಗಿನಲ್ಲಿ ಎರಡು ಸಲ ಒರೆಸಿಕೊಳ್ಳುವಷ್ಟು.

"ಸಪ್ನಾ ಆರಾಮ ಅದಾಳ. ನೀ ಏನೂ ತಲಿಗೆ ಹಚ್ಚಿಕೋಬ್ಯಾಡ. ಈಗ ಉಂಡು ಮಲಕೋ," ಎಂದ ಪರಶು.

"ಹ್ಯಾಂಗ ಮಲಕೋಲಿ? ಎಂಟ ಗಂಟೆಕ್ಕ ಮತ್ತ ಕುಡಸಬೇಕಲ್ಲ."

ಫೋನಿನ ಆಚೆ ಪರಶು ನಕ್ಕದ್ದು ಕೇಳಿಸಿತು. ಅವಳಿಗೂ ಸ್ವಲ್ಪ ನಗು ಬಂತು.

ಹದಿನಾಲ್ಕನೆಯ ದಿನ ಮರಿಯ ಒಂದು ಕಣ್ಣು ತೆರೆಯಿತು, ಮರುದಿನ ಇನ್ನೊಂದು. ತೂಕ ಮುನ್ನೂರು ದಾಟಿತು. ಅದು ಹುಟ್ಟಿದಾಗ ಅದರ ಒಡಹುಟ್ಟಿದವು ಇದ್ದಷ್ಟು. ಸವದತ್ತಿಯಲ್ಲಿ ಮಾಲಾ ಡಾಕ್ಟರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇನ್ನ ತಾಯಿ ಹತ್ರನ ಬಿಡ್ರಿ. ನೀವೂ ಒಂದಿಷ್ಟು ಮಲಗ್ರಿ ಅಕ್ಕಾರ, ಕಣ್ಣ ಕೆಳಗ ಕಪ್ಪಾಗೇತಿ," ಎಂದಳು. ಹಳೆಯ ಬಸ್ಸಿನ ಕೆಳಗೆ ಬಿಟ್ಟಾಗ ಕೆಂಪಿ ಅದನ್ನು ತಲೆಯಿಂದ ಬಾಲದವರೆಗೆ ಮೂಸಿತು. ಆಮೇಲೆ ಬೇರೆ ಮರಿಗಳನ್ನು ನೆಕ್ಕಿದಂತೆಯೇ ಇದನ್ನೂ ನೆಕ್ಕಿತು. ಈ ಹದಿನೈದು ದಿನ ಏನೂ ಆಗಿಯೇ ಇಲ್ಲವೆಂಬ ಹಾಗೆ.

"ಈಗ ಬಂತು ನೋಡು ಕೆಂಪಿಗೆ ಬುದ್ಧಿ," ಎಂದ ಲಗಮಪ್ಪ. ತನ್ನ ಡಬ್ಬಿಯನ್ನು ಮನೆಗೆ ಒಯ್ದು ತಿಕ್ಕಿಸಿದನಂತೆ. ಹೆಂಡತಿ ಅದರಲ್ಲಿ ಬುತ್ತಿ ಕಟ್ಟಲು ಒಪ್ಪಲಿಲ್ಲ.

ಒಂದೂವರೆ ತಿಂಗಳಾಗುವಷ್ಟರಲ್ಲಿ ದಪ್ಪ ಮರಿಗಳಲ್ಲಿ ಮೂರನ್ನು ಸಂಗೊಳ್ಳಿ ಕಡೆಯ ರೈತರು ಹೊಲ ಕಾಯಲು ಒಯ್ದರು. ಒಂದನ್ನು ಡಿಪೋದ ವಾಚ್‌ಮನ್ ಇಟ್ಟುಕೊಂಡ. ಸಣ್ಣಿಯನ್ನು ಯಾರೂ ಕೇಳಲಿಲ್ಲ. ಹೆಣ್ಣು. ಮೇಲಾಗಿ ಹಿಂದಿನ ಒಂದು ಕಾಲು ಸೊಟ್ಟ, ಗಾತ್ರದಲ್ಲಿ ಉಳಿದವುಗಳ ಅರ್ಧ. ಒಂದು ದಿನ ಮುನವಳ್ಳಿಯಲ್ಲಿ ಇಳಿಯುವಾಗ ಕೃಷ್ಣವ್ವ, "ನನ್ನ ಆಡಿನ ಹಾಲು ಕುಡದಾಕಿ, ನನ್ನ ಮನಿಗೇ ಬರಲಿ," ಎಂದಳು. ಮರುದಿನ ಅನ್ನಪೂರ್ಣಾ ಅದನ್ನು ತಂದು ಅವಳ ಖಾಲಿ ಬುಟ್ಟಿಯಲ್ಲಿ ಇಟ್ಟಳು. ಮರಿ ಬುಟ್ಟಿಯ ತಳದಲ್ಲಿ ಉಳಿದಿದ್ದ ಮೆಂತ್ಯದ ಎಲೆಗಳನ್ನು ಮೂಸಿ ಸೀನಿತು. ಮುದುಕಿ ಬುಟ್ಟಿಗೆ ಸೆರಗು ಮುಚ್ಚಿಕೊಂಡು ಓಣಿಯೊಳಗೆ ಹೋದಳು. ಅಳು ಬರಬಹುದು ಎಂದುಕೊಂಡಿದ್ದಳು ಅನ್ನಪೂರ್ಣಾ. ಬಂದದ್ದು ಆಕಳಿಕೆ.

ಆ ವಾರವೇ ಐದು ದಿನ ರಜೆ ಬರೆದುಕೊಟ್ಟಳು. ಪರಶು, "ಕೆಲಸಕ್ಕಲ್ಲ ಅಕ್ಕಾ, ಸುಮ್ಮನ ಬಾ," ಎಂದು ಮೂರು ಸಲ ಫೋನು ಮಾಡಿದ್ದ. ಸವದತ್ತಿಯಿಂದ ರಾಮದುರ್ಗದ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ಟಿಕೆಟ್ ತೆಗೆದುಕೊಂಡದ್ದಷ್ಟೇ ಗೊತ್ತು. "ಅಕ್ಕಾರ, ಏಳ್ರಿ, ರಾಮದುರ್ಗ ಬಂತು," ಎಂದು ಅಲ್ಲಿಯ ಕಂಡಕ್ಟರ್ ಹುಡುಗಿ ಭುಜ ಹಿಡಿದು ಅಲುಗಿಸಿದಾಗಲೇ ಎಚ್ಚರ.

ಮನೆಯಲ್ಲಿ ಸಪ್ನಾ ಬಾಗಿಲಿಗೆ ಬಂದು ನಿಂತಿದ್ದಳು. ಸೊರಗಿದ್ದಳು, ಆದರೆ ಮುಖದಲ್ಲಿ ಕಳೆ ಬಂದಿತ್ತು. ಅನ್ನಪೂರ್ಣಾ ಚೀಲ ಇಳಿಸಿ, "ನಿನ್ನ ಆಪರೇಶನ್‌ಕ್ಕ ನಾ ಬರಲಿಲ್ಲ ನೋಡವ್ವಾ," ಎಂದಳು.

"ಅವ್ರು ಎಲ್ಲಾ ಹೇಳ್ಯಾರ ಅಕ್ಕಾರ," ಎಂದಳು ಸಪ್ನಾ. "ಕೈಕಾಲ ತೊಳಕೊಳ್ರಿ. ಮೊದಲ ಉಣ್ರಿ."

"ಉಣ್ಣೂದು ಆಮ್ಯಾಲ. ಒಂದಿಷ್ಟು ಅಡ್ಡಾಗತೇನಿ."

ಸಪ್ನಾ ಒಳಕೋಣೆಯಲ್ಲಿ ಹಾಸಿಗೆ ಬಿಚ್ಚಿದಳು. ಬಗ್ಗುವಾಗ ಹೊಟ್ಟೆ ಹಿಡಿದುಕೊಂಡದ್ದನ್ನು ನೋಡಿ ಅನ್ನಪೂರ್ಣಾ ಏಳಲು ಹೋದಳು. "ಕುಂತ್ಕೋರಿ ನೀವು," ಎಂದು ಸಪ್ನಾ ಗದರಿಸಿ, ದಿಂಬು ಸರಿಮಾಡಿ, ಕಿಟಕಿ ಎಳೆದು, ನಿದ್ದೆ ಕೆಡದಿರಲೆಂದು ಅವಳ ಫೋನು ಕೇಳಿ ಇಸಿದುಕೊಂಡು ಹೊರಗೆ ಹೋದಳು.

ಅನ್ನಪೂರ್ಣಾ ಎದ್ದದ್ದು ಮರುದಿನ ಹನ್ನೊಂದು ಗಂಟೆಗೆ. ಮನೆಯಲ್ಲಿ ಯಾರ ಸದ್ದೂ ಇರಲಿಲ್ಲ. ಓಣಿಯ ತುದಿಯಿಂದ ಗಿರಣಿಯ ಸಪ್ಪಳ ಮಾತ್ರ ಬರುತ್ತಿತ್ತು. ತಲೆದಿಂಬಿನ ಹತ್ತಿರ ಮುಚ್ಚಿಟ್ಟ ತಾಟಿನಲ್ಲಿ ಎರಡು ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಎಲ್ಲಾ ಆರಿ ತಣ್ಣಗಾಗಿತ್ತು. ಎದ್ದು ಕೂತು, ಒಂದು ತುಂಡೂ ಬಿಡದೆ ಉಂಡಳು. ಚೊಂಬಿನ ನೀರು ಕುಡಿದು ತಾಟನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಮತ್ತೆ ಹೊದ್ದು ಮಲಗಿದಳು.